ಕೇಳಬೇಕೋ, ನೋಡಬೇಕೋ, ಬರೆದಿಡಬೇಕೋ: ರಿಕ್ವೈರ್‌ಮೆಂಟ್ ವಿಧಾನಗಳಲ್ಲಿ ಯಾವುದನ್ನು ಯಾವಾಗ ಹಿಡಿಯುವುದು

ತಂತ್ರಾಂಶದಿಂದ ಗ್ರಾಹಕರಿಗೆ ಏನೇನು ಬೇಕು ಎಂಬ ಅಗತ್ಯಗಳನ್ನು (ರಿಕ್ವೈರ್‌ಮೆಂಟ್) ತಿಳಿದು ಬರೆದಿಡುವ ಬಿಸಿನೆಸ್ ಅನಲಿಸ್ಟ್ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ: ಯೂಸರ್ ಸ್ಟೋರಿ ಒಳ್ಳೆಯದೋ, ಎಸ್‌ಆರ್‌ಎಸ್ ಒಳ್ಳೆಯದೋ? ಮೊದಲನೆಯದು ಬಳಸುವವರ ಬೇಡಿಕೆಯನ್ನು ಎರಡು ಸಾಲಿನಲ್ಲಿ ಹೇಳುವ ಕಾರ್ಡು, ಎರಡನೆಯದು ಅಗತ್ಯಗಳನ್ನೆಲ್ಲ ಕರಾರುವಾಕ್ಕಾಗಿ ಪಟ್ಟಿ ಮಾಡುವ ದಸ್ತಾವೇಜು. ಸೌಟು ಒಳ್ಳೆಯದೋ ಜರಡಿ ಒಳ್ಳೆಯದೋ ಎಂದು ಕೇಳಿದ ಹಾಗಿರುತ್ತದೆ. ಬಿಸಿನೆಸ್ ಅನಲಿಸ್ಟರ ಅಂತರರಾಷ್ಟ್ರೀಯ ಸಂಸ್ಥೆಯಾದ ಐಐಬಿಎ 2015ರಲ್ಲಿ ಹೊರತಂದ ಬಾಬೊಕ್ ಕೈಪಿಡಿಯ ಮೂರನೇ ಆವೃತ್ತಿಯಲ್ಲಿ 50 ತಂತ್ರಗಳಿವೆ. ಅವನ್ನು ಓದಿ ಪರೀಕ್ಷೆ ಪಾಸು ಮಾಡಬಹುದು. ಸೋಮವಾರ ಬೆಳಿಗ್ಗೆ ಗ್ರಾಹಕರ ಎದುರು ಕುಳಿತಾಗ ಐವತ್ತರಲ್ಲಿ ಯಾವುದನ್ನು ಎತ್ತಿಕೊಳ್ಳುವುದು ಅನ್ನುವುದು ಬೇರೆಯೇ ಮಾತು.

ನಾನು ಮೂರು ವಿಷಯ ನೋಡಿ ಆರಿಸುತ್ತೇನೆ. ನನಗೆ ಬೇಕಾದ ತಿಳಿವಳಿಕೆ ಈಗ ಎಲ್ಲಿದೆ: ಯಾರದೋ ಬಾಯಲ್ಲೋ, ಕೈಯಲ್ಲೋ, ಕಾಗದದಲ್ಲೋ, ಅಥವಾ ಇನ್ನೂ ಯಾರಿಗೂ ಗೊತ್ತಿಲ್ಲವೋ? ನಾನು ಬರೆದದ್ದನ್ನು ಓದುವವರು ಎಷ್ಟು ದೂರದಲ್ಲಿದ್ದಾರೆ? ತಪ್ಪಿದರೆ ತಿದ್ದುವುದಕ್ಕೆ ಎಷ್ಟು ಖರ್ಚು? ಇಷ್ಟಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಗೊಂದಲ ತಾನಾಗಿ ಕಳೆಯುತ್ತದೆ.

ಉದಾಹರಣೆಗೆ ಬ್ಯಾಂಕು, ವಿಮೆ ಬೇಡ. ಹಳ್ಳಿಯ ಡೇರಿಯನ್ನು ಇಟ್ಟುಕೊಳ್ಳೋಣ. ಹಾಲು ಉತ್ಪಾದಕರ ಸಹಕಾರ ಸಂಘವೊಂದಕ್ಕೆ ಹಾಲು ಅಳೆದು, ದರ ಹಾಕಿ, ಬಟವಾಡೆ ಲೆಕ್ಕ ತೆಗೆಯುವ ತಂತ್ರಾಂಶ ಬೇಕಿದೆ ಎಂದುಕೊಳ್ಳಿ. ನಮ್ಮಲ್ಲಿ ಬಹಳ ಜನಕ್ಕೆ ಕ್ಯಾನಿನ ಸದ್ದು ಕೇಳಿಯೇ ಬೆಳಗಾಗುತ್ತಿದ್ದ ಕಾಲ ನೆನಪಿರುತ್ತದೆ, ಹಾಗಾಗಿ ವಿವರಿಸುವ ಕಷ್ಟವೂ ಕಡಿಮೆ.

ಸಂದರ್ಶನ ಮತ್ತು ಅವಲೋಕನ

ಎಲ್ಲರೂ ಮೊದಲು ಹಿಡಿಯುವುದು ಸಂದರ್ಶನವನ್ನೇ. ಅದು ಅಗ್ಗ, ಒಬ್ಬರ ಒಂದು ಗಂಟೆ ಸಿಕ್ಕರೆ ಸಾಕು. ಡೇರಿಯ ಕಾರ್ಯದರ್ಶಿಯನ್ನು ಕೂರಿಸಿಕೊಂಡು ಕೇಳಿದರೆ ಅವರು ಹೇಳುವುದು ಹೀಗಿರುತ್ತದೆ: "ಹಾಲು ತರ್ತಾರೆ, ಅಳೀತೀವಿ, ಫ್ಯಾಟ್ ನೋಡ್ತೀವಿ, ಡಿಗ್ರಿ ನೋಡ್ತೀವಿ, ಬರ್ಕೋತೀವಿ. ಮಿಕ್ಕಿದ್ದೆಲ್ಲ ಮಾಮೂಲಿ ಸಾರ್." (ಡಿಗ್ರಿ ಎಂದರೆ ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಲ್ಯಾಕ್ಟೋಮೀಟರಿನ ಅಳತೆ.) ಅವರು ಸುಳ್ಳು ಹೇಳುತ್ತಿಲ್ಲ. ಇಪ್ಪತ್ತು ವರ್ಷ ಮಾಡಿದ ಕೆಲಸ ಬಾಯಿಯಿಂದ ಕೈಗೆ ಇಳಿದುಬಿಟ್ಟಿದೆ, ಅಷ್ಟೆ. ಕೈಗೆ ಇಳಿದದ್ದನ್ನು ಬಾಯಿಂದ ಹೊರಡಿಸುವುದು ಕಷ್ಟ.

ಹಾಗಾಗಿ ಸಂದರ್ಶನದಲ್ಲಿ 'ಮಾಮೂಲಿ' ಎಂಬ ಮಾತು ಬಿದ್ದ ಕಡೆಯೆಲ್ಲ ಒಂದು ಗುರುತು ಹಾಕಿಕೊಳ್ಳಿ. ಅಲ್ಲಿ ಅಗೆಯಬೇಕು. 'ಸಾಮಾನ್ಯವಾಗಿ', 'ಅದೊಂದು ಅಡ್ಜಸ್ಟ್ ಮಾಡ್ಕೋತೀವಿ' ಎಂಬ ಮಾತುಗಳಿಗೂ ಇದೇ ಮರ್ಯಾದೆ. ಅಗೆಯುವ ಗುದ್ದಲಿ ಅವಲೋಕನ: ಬೆಳಿಗ್ಗೆ ಆರು ಗಂಟೆಗೆ ಡೇರಿಯ ಬಾಗಿಲಲ್ಲಿ ಹೋಗಿ ನಿಲ್ಲುವುದು.

ನಿಂತರೆ ಕಾಣುವುದೇನು? ಕರೆಂಟು ಹೋಗುತ್ತದೆ, ಹಾಲಿನ ವ್ಯಾನು ಕಾಯುವುದಿಲ್ಲ, ಆಗ ಎಲ್ಲವೂ ನೋಟ್‌ಬುಕ್ಕಿಗೆ ಹೋಗುತ್ತದೆ. ಕ್ಯಾನು ತಂದವಳು ಸದಸ್ಯೆಯಲ್ಲ, ಪಕ್ಕದ ಮನೆಯ ಹುಡುಗಿ. ಅವಳಿಗೆ ಸದಸ್ಯತ್ವದ ನಂಬರು ಗೊತ್ತಿಲ್ಲ, "ಕೆಳಗಿನ ಮನೆ ಅಜ್ಜಿದು" ಅನ್ನುತ್ತಾಳೆ, ಹಾಲು ಪರೀಕ್ಷಕ ತಲೆ ಎತ್ತದೆ ನಂಬರು ಬರೆದುಕೊಳ್ಳುತ್ತಾನೆ. ಡಿಗ್ರಿ ಬರದ ಹಾಲು ವಾಪಸ್ಸಾಗುತ್ತದೆ, ಆದರೆ ವಾಪಸ್ಸಾದ ಲೆಕ್ಕ ಎಲ್ಲೂ ಇಲ್ಲ. ಊರಿನ ಹೋಟೆಲಿನವನು ಬಂದು ನಾಲ್ಕು ಲೀಟರು ಸ್ಥಳೀಯ ಮಾರಾಟದಲ್ಲಿ ಕೊಂಡು ದುಡ್ಡು ನಾಳೆ ಅನ್ನುತ್ತಾನೆ. ಒಂದು ಗಂಟೆಯ ಸಂದರ್ಶನದಲ್ಲಿ ಇವು ನಾಲ್ಕೂ ಬಂದಿರಲಿಲ್ಲ. ಈ ನಾಲ್ಕಕ್ಕೂ ಜಾಗ ಕೊಡದೆ ತಂತ್ರಾಂಶ ಮಾಡಿದರೆ ಮೊದಲ ವಾರವೇ ಅದು ಮೂಲೆ ಸೇರುತ್ತದೆ.

ಅವಲೋಕನಕ್ಕೆ ಅದರದೇ ಕುಂದಿದೆ. ಮೊದಲ ದಿನ ನೀವು ಒಕ್ಕೂಟದಿಂದ ತಪಾಸಣೆಗೆ ಬಂದವರೆಂದೇ ಭಾವಿಸುತ್ತಾರೆ. ಅಂದು ಎಲ್ಲರೂ ಸಾಲಿನಲ್ಲಿ ನಿಲ್ಲುತ್ತಾರೆ, ಎಲ್ಲ ಹಾಲಿಗೂ ಸ್ಯಾಂಪಲ್ ತೆಗೆಯುತ್ತಾರೆ, ನಿಮಗೆ ಕುರ್ಚಿಯೂ ಬರುತ್ತದೆ. ನಿಜವಾದ ಡೇರಿ ಕಾಣುವುದು ಮೂರನೆಯ ದಿನದಿಂದ, ಕುರ್ಚಿ ಬರುವುದು ನಿಂತ ಮೇಲೆ. ಜೊತೆಗೆ, ಕಣ್ಣಿಗೆ ಕಾಣುವುದು ಏನು ನಡೆಯುತ್ತದೆ ಎಂಬುದು ಮಾತ್ರ. ಯಾಕೆ ಎಂಬುದಕ್ಕೆ ಮತ್ತೆ ಬಾಯಿಯನ್ನೇ ಕೇಳಬೇಕು. ಅದಕ್ಕೇ ನನ್ನ ಕ್ರಮ: ಚಿಕ್ಕ ಸಂದರ್ಶನ, ಆಮೇಲೆ ಅವಲೋಕನ, ಆಮೇಲೆ ನೋಡಿದ್ದನ್ನೇ ಹಿಡಿದುಕೊಂಡು ಎರಡನೇ ಸಂದರ್ಶನ. ಎರಡನೆಯದರಲ್ಲಿ "ನಿನ್ನೆ ಆ ಹಾಲನ್ನು ಬೇರೆ ಕ್ಯಾನಿಗೆ ಸುರಿದಿರಲ್ಲ, ಯಾಕೆ?" ಎಂದು ಕೇಳಿದರೆ ಮಾಮೂಲಿ ಅನ್ನುವುದಕ್ಕೆ ಜಾಗವೇ ಉಳಿಯುವುದಿಲ್ಲ.

ಕೆಲಸ ಪೂರ್ತಿ ತಲೆಯೊಳಗೇ ನಡೆಯುವಂಥದ್ದಾದರೆ, ಉದಾಹರಣೆಗೆ ಸಾಲದ ಅರ್ಜಿ ನೋಡಿ ಮಂಜೂರು ಮಾಡುವ ಮ್ಯಾನೇಜರದು, ಪಕ್ಕದಲ್ಲಿ ನಿಂತು ಪ್ರಯೋಜನವಿಲ್ಲ. ಅಲ್ಲಿ ಹತ್ತು ಹಳೆ ಅರ್ಜಿಗಳನ್ನು ಅವರ ಮುಂದಿಟ್ಟು ಒಂದೊಂದನ್ನೂ ಯಾಕೆ ಒಪ್ಪಿದಿರಿ, ಯಾಕೆ ತಳ್ಳಿದಿರಿ ಎಂದು ಮಾತಾಡಿಸಿ.

ಕಾರ್ಯಾಗಾರ, ಸಮೀಕ್ಷೆ, ಕಾಗದಪತ್ರ

ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ವರ್ಕ್‌ಶಾಪ್ ಬಹಳ ಜನಪ್ರಿಯ. ನನಗೆ ಇದರ ಮೇಲೆ ಅರ್ಧ ನಂಬಿಕೆ. ನಮ್ಮ ಕಡೆ ಅಧ್ಯಕ್ಷರು ಕೋಣೆಯಲ್ಲಿದ್ದರೆ ಪರೀಕ್ಷಕ ಬಾಯಿ ಬಿಡುವುದಿಲ್ಲ. ಅಧ್ಯಕ್ಷರು "ನಮ್ಮಲ್ಲಿ ಆ ಸಮಸ್ಯೆ ಇಲ್ಲ" ಅಂದ ಮೇಲೆ ಆ ಸಮಸ್ಯೆ ಇರುವಂತೆಯೇ ಇಲ್ಲ. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲೂ ಕತೆ ಬೇರೆಯೇನಲ್ಲ, ಅಧ್ಯಕ್ಷರ ಬದಲು ವೈಸ್ ಪ್ರೆಸಿಡೆಂಟ್ ಇರುತ್ತಾರೆ. ಹೊಸದನ್ನು ಕಂಡುಹಿಡಿಯಲು ವರ್ಕ್‌ಶಾಪ್ ಮಾಡಬೇಡಿ. ಒಬ್ಬೊಬ್ಬರನ್ನೇ ಕಂಡು ಮಾತಾಡಿಸಿ ಭಿನ್ನಾಭಿಪ್ರಾಯ ಎಲ್ಲೆಲ್ಲಿದೆ ಎಂದು ಗೊತ್ತಾದ ಮೇಲೆ, ಅದನ್ನು ಇತ್ಯರ್ಥ ಮಾಡಲು ಕರೆಯಿರಿ. ಅಂಥ ಸಭೆ ಎರಡು ಗಂಟೆಯಲ್ಲಿ ಎರಡು ವಾರದ ಇಮೇಲ್ ಉಳಿಸುತ್ತದೆ.

ಸಮೀಕ್ಷೆ ಎಣಿಸುವುದಕ್ಕೆ ಒಳ್ಳೆಯದು, ಹುಡುಕುವುದಕ್ಕಲ್ಲ. ಎಷ್ಟು ಸದಸ್ಯರ ಹತ್ತಿರ ಸ್ಮಾರ್ಟ್‌ಫೋನ್ ಇದೆ ಎಂದು ತಿಳಿಯಬೇಕಾದರೆ ಸರಿ.

ಕಾಗದಪತ್ರಗಳ ಅಧ್ಯಯನ ನೀರಸ ಅನ್ನಿಸಿದರೂ ಕಡೆಗಣಿಸಬೇಡಿ. ರಿಜಿಸ್ಟರಿನ ಅಚ್ಚಾದ ಕಾಲಂಗಳು ನಿಯಮವನ್ನು ಹೇಳುತ್ತವೆ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದು ನಿಯಮ ಎಲ್ಲಿ ಮುರಿಯುತ್ತದೆ ಎಂದು ಹೇಳುತ್ತದೆ. ಪಶು ಆಹಾರದ ಚೀಲ ಸಾಲವಾಗಿ ತೆಗೆದುಕೊಂಡವರ ಹೆಸರು ಬಹುಶಃ ಆ ಅಂಚಿನಲ್ಲೇ ಇರುತ್ತದೆ. ಬಟವಾಡೆಯಲ್ಲಿ ಅದನ್ನು ಕಡಿದುಕೊಳ್ಳಬೇಕಲ್ಲ!

ಇನ್ನು ಯಾರಿಗೂ ಗೊತ್ತಿಲ್ಲದ್ದು. ಇಂಥ ವ್ಯವಸ್ಥೆಯನ್ನು ಅವರು ಕಂಡೇ ಇಲ್ಲ, ಏನು ಬೇಕೆಂದು ಹೇಗೆ ಹೇಳಿಯಾರು? ಅಲ್ಲಿ ಪ್ರೋಟೋಟೈಪ್, ಅಂದರೆ ತೋರಿಸಿ ಕೇಳುವುದಕ್ಕೆ ಮಾಡಿದ ಕಚ್ಚಾ ಮಾದರಿ. ಇದರಲ್ಲೂ ಎರಡು ದಾರಿ: ಕಾಗದದ ಮೇಲೆ ಗೀಚಿದ ಪರದೆ, ಇಲ್ಲವೇ ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಮಾಡಿದ, ಒತ್ತಿದರೆ ತೆರೆಯುವ ಪರದೆ. ಬಣ್ಣದ್ದನ್ನು ಮೊದಲು ತೋರಿಸಿದರೆ ಮಾತೆಲ್ಲ ಬಣ್ಣದ ಮೇಲೇ ಹೋಗುತ್ತದೆ, ಇಲ್ಲ "ತುಂಬಾ ಚೆನ್ನಾಗಿದೆ ಸಾರ್" ಎಂಬಲ್ಲಿಗೆ ಮುಗಿಯುತ್ತದೆ. ಕೆಲವರು ಎಲ್ಲ ಸಿದ್ಧವಾಗಿದೆ ಎಂದುಕೊಂಡು ಮುಂದಿನ ತಿಂಗಳೇ ಶುರು ಮಾಡೋಣ ಅನ್ನುತ್ತಾರೆ. ಪೆನ್ನಿನಲ್ಲಿ ಗೀಚಿದ್ದನ್ನು ಕಂಡರೆ ಅವರೂ ಪೆನ್ನು ಕೇಳಿ ತಿದ್ದುತ್ತಾರೆ. ಕಾಗದ ಮೊದಲು.

ಒಂದೇ ಅಗತ್ಯ, ಮೂರು ಬರವಣಿಗೆ

ಜಗಳ ಹೆಚ್ಚಾಗಿ ನಡೆಯುವುದು ಇಲ್ಲಿ. ಸದಸ್ಯರಿಗೆ ಚೀಟಿ ಕೊಡುವುದನ್ನೇ ತೆಗೆದುಕೊಂಡು ಮೂರು ರೀತಿ ಬರೆದು ನೋಡೋಣ.

ಎಸ್‌ಆರ್‌ಎಸ್ ಶೈಲಿಯಲ್ಲಿ: "ಹಾಲಿನ ತೂಕ ಮತ್ತು ಫ್ಯಾಟ್ ದಾಖಲಾದ 5 ಸೆಕೆಂಡಿನೊಳಗೆ ವ್ಯವಸ್ಥೆಯು ಸದಸ್ಯರ ಸಂಖ್ಯೆ, ಪ್ರಮಾಣ, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ ಇರುವ ಚೀಟಿಯನ್ನು ಮುದ್ರಿಸತಕ್ಕದ್ದು." ಒಣ ವಾಕ್ಯ (ಎಸ್‌ಎನ್‌ಎಫ್ ಎಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ). ಆದರೆ ಇದನ್ನು ಟೆಂಡರಿಗೆ ಹಾಕಬಹುದು, ಇದರ ಮೇಲೆ ಬಿಲ್ ತಡೆಹಿಡಿಯಬಹುದು. ಈ ಬಗೆಯ ಬರವಣಿಗೆಗೆ ಬಹಳ ಕಾಲ ಆಧಾರವಾಗಿದ್ದದ್ದು ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ 830 ಮಾನದಂಡ. ಅದರ ಜಾಗಕ್ಕೆ 2011ರಲ್ಲಿ ಐಎಸ್‌ಒ/ಐಇಸಿ/ಐಇಇಇ 29148 ಬಂತು, 2018ರಲ್ಲಿ ಅದರ ಪರಿಷ್ಕರಣೆಯಾಯಿತು. ಟೆಂಪ್ಲೇಟ್ ಕೈಗೆ ಕೊಟ್ಟು ಇದು 830 ಪ್ರಕಾರ ಅನ್ನುವವರು ಈಗಲೂ ಸಿಗುತ್ತಾರೆ, ಕ್ಷಮಿಸಿಬಿಡಿ.

ಯೂಸ್ ಕೇಸ್ ಶೈಲಿಯಲ್ಲಿ ಅದೇ ವಿಷಯ 'ಹಾಲು ಹಾಕುವುದು' ಎಂಬ ಸಂಗತಿಯ ಒಂದು ಹೆಜ್ಜೆಯಾಗುತ್ತದೆ: ಸದಸ್ಯೆ ನಂಬರು ಹೇಳುತ್ತಾಳೆ, ಪರೀಕ್ಷಕ ತೂಗುತ್ತಾನೆ, ಸ್ಯಾಂಪಲ್ ತೆಗೆಯುತ್ತಾನೆ, ವ್ಯವಸ್ಥೆ ದರ ಹಾಕುತ್ತದೆ, ಚೀಟಿ ಬರುತ್ತದೆ. ಇಷ್ಟೇ ಆದರೆ ಯೂಸ್ ಕೇಸ್ ಬರೆಯುವ ಕಷ್ಟ ಬೇಕಿರಲಿಲ್ಲ. ಅದರ ಜೀವ ಇರುವುದು ಕವಲುಗಳಲ್ಲಿ. ನಂಬರು ಗೊತ್ತಿಲ್ಲದಿದ್ದರೆ? ತೂಗುವ ಹೊತ್ತಿಗೆ ಕರೆಂಟು ಹೋದರೆ? ಡಿಗ್ರಿ ಬರದಿದ್ದರೆ? ಚೀಟಿಯ ಕಾಗದ ಮುಗಿದಿದ್ದರೆ? ಇವಾರ್ ಜಾಕಬ್‌ಸನ್ 1980ರ ದಶಕದಲ್ಲಿ ಸ್ವೀಡನ್ನಿನ ಎರಿಕ್‌ಸನ್ ಕಂಪನಿಯ ಟೆಲಿಫೋನ್ ವ್ಯವಸ್ಥೆಗಳ ಅನುಭವದಿಂದ ಈ ವಿಧಾನವನ್ನು ರೂಪಿಸಿದರು. ಫೋನ್ ಕರೆಯಲ್ಲೂ ಕರೆ ಕೂಡಿಬರುವ ದಾರಿ ಒಂದಾದರೆ ತಪ್ಪಿಹೋಗುವ ದಾರಿ ಹತ್ತು. ವಿಧಾನ ಅಲ್ಲಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಯೂಸರ್ ಸ್ಟೋರಿ ಬಂದದ್ದು 1990ರ ದಶಕದ ಕೊನೆಯಲ್ಲಿ, ಕೆಂಟ್ ಬೆಕ್ ಅವರ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ತಂತ್ರಾಂಶ ಕಟ್ಟುವ ವಿಧಾನದ ಜೊತೆ. ಇದರ ಪ್ರಸಿದ್ಧ ಇಂಗ್ಲಿಷ್ ಅಚ್ಚನ್ನು ಹಾಗೇ ಕನ್ನಡಕ್ಕೆ ಎಳೆದರೆ "ಒಬ್ಬ ಸದಸ್ಯೆಯಾಗಿ, ನಾನು ಚೀಟಿಯನ್ನು ಬಯಸುತ್ತೇನೆ, ಆ ಮೂಲಕ..." ಎಂದು ತೊದಲುತ್ತದೆ. ನಮ್ಮ ಜನ ಕಾರಣವನ್ನು ಮೊದಲು ಹೇಳಿ ಬೇಡಿಕೆಯನ್ನು ಆಮೇಲೆ ಇಡುತ್ತಾರೆ: "ಬಟವಾಡೆ ದಿನ ಲೆಕ್ಕ ತಾಳೆ ನೋಡಬೇಕಲ್ಲ, ಅದಕ್ಕೆ ಹಾಲು ಹಾಕಿದ ಕೂಡಲೇ ಚೀಟಿ ಬೇಕು." ಹಾಗೇ ಬರೆದುಕೊಳ್ಳಿ. ಯಾರು, ಏನು, ಯಾಕೆ ಮೂರೂ ಇದ್ದರೆ ಸಾಕು, ಸಾಲಿನ ಕ್ರಮಕ್ಕೆ ಯಾರೂ ದಂಡ ಹಾಕುವುದಿಲ್ಲ. 'ಯಾಕೆ' ಅಲ್ಲಿದ್ದದ್ದರ ಲಾಭ ನೋಡಿ: ತಾಳೆ ನೋಡುವುದೇ ಉದ್ದೇಶವಾದರೆ ಚೀಟಿಯ ಬದಲು ಎಸ್ಸೆಮ್ಮೆಸ್ ಸಾಕೇನೋ ಎಂದು ತಂಡದವರು ಕೇಳಬಹುದು. ಎಸ್‌ಆರ್‌ಎಸ್ ವಾಕ್ಯ ಓದಿದವನು ಹಾಗೆ ಕೇಳುವುದಿಲ್ಲ, ಮುದ್ರಿಸುತ್ತಾನೆ ಅಷ್ಟೆ.

ಆದರೆ ಸ್ಟೋರಿ ಕಾರ್ಡು ಮಾತುಕತೆಯ ನೆನಪಿನ ಗಂಟು ಮಾತ್ರ. ರಾನ್ ಜೆಫ್ರೀಸ್ 2001ರಲ್ಲೇ ಇದನ್ನು ಕಾರ್ಡು, ಮಾತುಕತೆ, ಖಚಿತಪಡಿಸುವಿಕೆ ಎಂದು ಮೂರು ಪಾಲು ಮಾಡಿ ಹೇಳಿದ್ದರು. ಬರೆದವರೂ ಮಾಡುವವರೂ ಒಂದೇ ಕೋಣೆಯಲ್ಲಿದ್ದರೆ ಮಾತುಕತೆ ನಡೆಯುತ್ತದೆ. ಬರೆದವರು ಮಂಡ್ಯದಲ್ಲಿ, ಮಾಡುವವರು ಇನ್ನೊಂದು ಕಂಪನಿಯಲ್ಲಿ, ನಡುವೆ ಒಂದು ಒಪ್ಪಂದ ಎಂದಾದರೆ ಕಾರ್ಡಿನ ಎರಡು ಸಾಲು ಇಟ್ಟುಕೊಂಡು ಇಬ್ಬರೂ ತಮಗೆ ತೋಚಿದ್ದನ್ನೇ ಓದುತ್ತಾರೆ.

ನನ್ನ ಆಯ್ಕೆ ಹೀಗೆ: ಓದುವವರು ಪಕ್ಕದ ಮೇಜಿನಲ್ಲಿದ್ದರೆ ಸ್ಟೋರಿ. ದೂರದಲ್ಲಿದ್ದು ನಡುವೆ ಹಣದ ಕರಾರಿದ್ದರೆ ಎಸ್‌ಆರ್‌ಎಸ್. ಕವಲುಗಳು ಹೆಚ್ಚಿರುವ ಕೆಲಸವಾದರೆ ಎರಡರಲ್ಲಿ ಯಾವುದನ್ನು ಬರೆದರೂ ಜೊತೆಗೆ ಅದಕ್ಕೊಂದು ಯೂಸ್ ಕೇಸ್. ಒಂದೇ ಪ್ರಾಜೆಕ್ಟಿನಲ್ಲಿ ಮೂರೂ ಇದ್ದರೆ ಅಪಚಾರವೇನಲ್ಲ.

ಎಸ್‌ಆರ್‌ಎಸ್ ವಾಕ್ಯಗಳು ಉದ್ದವಾಗಿ ಗಂಟು ಬೀಳುತ್ತಿದ್ದರೆ ಈಯರ್ಸ್ ಎಂಬ ವಿಧಾನ ನೋಡಿ. ರೋಲ್ಸ್ ರಾಯ್ಸ್‌ನಲ್ಲಿ ವಿಮಾನ ಎಂಜಿನ್ ನಿಯಂತ್ರಣದ ಅಗತ್ಯಗಳನ್ನು ಬರೆಯುತ್ತಿದ್ದ ಅಲಿಸ್ಟೇರ್ ಮೇವಿನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ್ದು. ಪ್ರತಿ ವಾಕ್ಯಕ್ಕೂ ಕೆಲವೇ ಅಚ್ಚುಗಳು: ಇಂಥದು ನಡೆದಾಗ, ಇಂಥ ಸ್ಥಿತಿ ಇರುವವರೆಗೆ, ಇಂಥ ಸೌಲಭ್ಯ ಇರುವ ಕಡೆ, ಬೇಡದ್ದು ಆದರೆ. ಕನ್ನಡದ ಕ್ರಿಯಾಪದಕ್ಕೆ ಇದು ಹೇಳಿ ಮಾಡಿಸಿದಂತಿದೆ. "ಕರೆಂಟು ಹೋದಾಗ ವ್ಯವಸ್ಥೆಯು ಕೊನೆಯ ದಾಖಲೆಯನ್ನು ಉಳಿಸಿಕೊಳ್ಳಬೇಕು." ಮುಗಿಯಿತು.

ದರದ ಲೆಕ್ಕವನ್ನು ಮಾತ್ರ ಈ ಯಾವುದರಲ್ಲೂ ಬರೆಯಬೇಡಿ. "ಫ್ಯಾಟ್ ಇಷ್ಟಿದ್ದು ಎಸ್‌ಎನ್‌ಎಫ್ ಅಷ್ಟಿದ್ದರೆ" ಎಂದು ವಾಕ್ಯ ಕಟ್ಟುತ್ತ ಹೋದರೆ ಪುಟಗಟ್ಟಲೆ ಆಗುತ್ತದೆ, ನಡುವೆ ಎರಡು ಸಾಲು ತಪ್ಪಿದರೂ ಗೊತ್ತಾಗದು. ಅದಕ್ಕೆ ಡಿಸಿಷನ್ ಟೇಬಲ್ ಇದೆ. ಡೇರಿಯವರು ಅದನ್ನು ನಿಮಗಿಂತ ಮೊದಲೇ ಮಾಡಿ ಗೋಡೆಗೆ ಅಂಟಿಸಿದ್ದಾರೆ: ಒಂದು ಕಡೆ ಫ್ಯಾಟ್, ಇನ್ನೊಂದು ಕಡೆ ಎಸ್‌ಎನ್‌ಎಫ್, 3.5ಕ್ಕೆ 8.5 ಸೇರುವ ಮನೆಯಲ್ಲಿ ದರ. ಆ ದರಪಟ್ಟಿಯ ಫೋಟೋ ತೆಗೆದುಕೊಳ್ಳಿ. ಖಾಲಿ ಇರುವ ಮನೆಗಳ ಬಗ್ಗೆ ಮಾತ್ರ ಕೇಳಿ.

'ಬೇಕು' ಎಂಬ ಕ್ರಿಯಾಪದದ ತಾಪತ್ರಯ

ಎಲ್ಲವನ್ನೂ ಒಟ್ಟಿಗೆ ಮಾಡಲಾಗದು, ಯಾವುದು ಮೊದಲು? ಇಲ್ಲಿ ಎದುರುಬದುರು ನಿಲ್ಲುವುದು ಮಾಸ್ಕೋ ಮತ್ತು ಕಾನೊ.

ಮಾಸ್ಕೋ ಎಂದರೆ ರಷ್ಯದ ಊರಲ್ಲ. ಡೈ ಕ್ಲೆಗ್ ಎಂಬವರು 1994ರಲ್ಲಿ ಒರಾಕಲ್‌ನಲ್ಲಿದ್ದಾಗ ಮಾಡಿದ ವಿಂಗಡಣೆ: ಇರಲೇಬೇಕು (ಮಸ್ಟ್), ಇದ್ದರೆ ಸರಿ (ಶುಡ್), ಇದ್ದರೂ ಆದೀತು (ಕುಡ್), ಈ ಸಲ ಇಲ್ಲ (ವೋಂಟ್). ಕನ್ನಡದಲ್ಲಿ ಇದನ್ನು ಬಳಸುವವರಿಗೆ ಒಂದು ವಿಶೇಷ ತೊಡಕಿದೆ. ನಮ್ಮ ಗ್ರಾಹಕರು ಎಲ್ಲಕ್ಕೂ ಒಂದೇ ಪದ ಹೇಳುತ್ತಾರೆ. ಹಾಲಿನ ಲೆಕ್ಕ ಬೇಕು, ಎಸ್ಸೆಮ್ಮೆಸ್ ಬೇಕು, ಲಾಗಿನ್ ಪರದೆಯಲ್ಲಿ ಸಂಘದ ಕಟ್ಟಡದ ಫೋಟೋ ಬೇಕು. ಈ ಮೂರು 'ಬೇಕು'ಗಳ ತೂಕ ಒಂದೇ ಅಲ್ಲ, ಆದರೆ ಅನಲಿಸ್ಟ್ ಇಂಗ್ಲಿಷಿನಲ್ಲಿ ಟಿಪ್ಪಣಿ ಮಾಡುವಾಗ ಗ್ರಾಹಕರನ್ನು ಕೇಳದೆಯೇ ಒಂದನ್ನು 'ಮಸ್ಟ್', ಇನ್ನೊಂದನ್ನು 'ಶುಡ್' ಮಾಡಿಬಿಡುತ್ತಾನೆ. ಆದ್ಯತೆ ನಿರ್ಧಾರವಾದದ್ದು ಅನುವಾದದಲ್ಲಿ, ಸಭೆಯಲ್ಲಲ್ಲ!

ಇದಕ್ಕೆ ಮದ್ದು, "ಇದು ಎಷ್ಟು ಮುಖ್ಯ?" ಎಂದು ಕೇಳುವುದನ್ನು ಬಿಡುವುದು. "ಇದಿಲ್ಲದೆ ಶುರು ಮಾಡಿದರೆ ಆ ದಿನ ಏನು ಮಾಡುತ್ತೀರಿ?" ಎಂದು ಕೇಳಿ. "ಡೇರಿ ಬಾಗಿಲು ತೆಗೆಯೋಕಾಗಲ್ಲ" ಎಂದರೆ ಇರಲೇಬೇಕಾದದ್ದು. "ಪುಸ್ತಕದಲ್ಲಿ ಬರ್ಕೋತೀವಿ" ಎಂದರೆ ಎರಡನೇ ಸಾಲಿಗೆ. ನಕ್ಕರೆ ಫೋಟೋ. ಮಾಸ್ಕೋವನ್ನು ತನ್ನದಾಗಿಸಿಕೊಂಡ ಡಿಎಸ್‌ಡಿಎಂ ಎಂಬ ತಂತ್ರಾಂಶ ಅಭಿವೃದ್ಧಿ ವಿಧಾನದವರು ಇನ್ನೊಂದು ಕಟ್ಟುಪಾಡು ಹೇಳುತ್ತಾರೆ: ಇರಲೇಬೇಕಾದವುಗಳ ಶ್ರಮ ಒಟ್ಟಿನ ಶೇ. 60 ಮೀರಬಾರದು. ನನ್ನ ಕಣ್ಣಿಗೆ ಬಿದ್ದ ಪಟ್ಟಿಗಳಲ್ಲಿ ಹೆಚ್ಚಿನವು ಮೊದಲ ಕರಡಿನಲ್ಲಿ ತೊಂಬತ್ತು ದಾಟಿರುತ್ತವೆ. ಆಗ ಅದು ಆದ್ಯತೆಯ ಪಟ್ಟಿಯಲ್ಲ, ದಿನಸಿ ಚೀಟಿ.

ನೊರಿಯಾಕಿ ಕಾನೊ 1984ರಲ್ಲಿ ಮಂಡಿಸಿದ ಮಾದರಿ ಕೇಳುವುದೇ ಬೇರೆ ಪ್ರಶ್ನೆ: ಇದ್ದರೆ ಹೇಗನಿಸುತ್ತದೆ, ಇಲ್ಲದಿದ್ದರೆ ಹೇಗನಿಸುತ್ತದೆ? ಎರಡೂ ಉತ್ತರ ಜೋಡಿಸಿದರೆ ಗುಟ್ಟು ಹೊರಬೀಳುತ್ತದೆ. ತೂಕ ಸರಿಯಿದ್ದರೆ ಯಾರೂ ಹೊಗಳುವುದಿಲ್ಲ, ತಪ್ಪಿದರೆ ಹೊಡೆದಾಟ. ಚೀಟಿ ಬೇಗ ಬಂದಷ್ಟೂ ಖುಷಿ, ತಡವಾದಷ್ಟೂ ಸಿಡುಕು. ದುಡ್ಡು ಜಮೆಯಾದದ್ದು ಫೋನಿನಲ್ಲಿ ಕನ್ನಡದಲ್ಲೇ ಮಾತಾಗಿ ಕೇಳಿಸಿದರೆ ಅಜ್ಜಿಗೆ ಅಚ್ಚರಿ, ಕೇಳಿಸದಿದ್ದರೆ ನಷ್ಟವೇನಿಲ್ಲ. ಅಚ್ಚರಿ ಬಹಳ ದಿನ ಅಚ್ಚರಿಯಾಗಿ ಉಳಿಯುವುದಿಲ್ಲ ಎಂಬುದನ್ನೂ ಕಾನೊ ಗಮನಿಸಿದ್ದರು. ಬ್ಯಾಂಕಿನ ಎಸ್ಸೆಮ್ಮೆಸ್ ಒಂದು ಕಾಲಕ್ಕೆ ಹೊಸತು. ಈಗ ಹತ್ತು ನಿಮಿಷ ಬರದಿದ್ದರೆ ಬ್ಯಾಂಕಿಗೆ ಫೋನು.

ಬಳಸುವವರು ಸಾವಿರಾರು, ಮಾರುಕಟ್ಟೆಯಲ್ಲಿ ಪೈಪೋಟಿ ಇದೆ ಎಂದಾದರೆ ಕಾನೊ ಮಾಡಿ. ಗಡುವು, ದುಡ್ಡು ಎರಡೂ ನಿಗದಿಯಾಗಿರುವ ಒಂದೇ ಗ್ರಾಹಕರ ಕೆಲಸಕ್ಕೆ ಮಾಸ್ಕೋ. ಡೇರಿಗೆ ಮಾಸ್ಕೋ ಸಾಕು.

ಯಾವ ವಿಧಾನ ಹಿಡಿದರೂ ಪಟ್ಟಿಯಿಂದ ಜಾರಿಹೋಗುವ ಒಂದು ಜಾತಿಯಿದೆ. ಬಾಬೊಕ್ ಅದನ್ನು ಟ್ರಾನ್ಸಿಶನ್ ಅಗತ್ಯ ಎಂದು ಬೇರೆಯಾಗಿಯೇ ಹೆಸರಿಸುತ್ತದೆ: ಹಳೆಯದರಿಂದ ಹೊಸದಕ್ಕೆ ದಾಟುವಾಗ ಮಾತ್ರ ಬೇಕಾದದ್ದು. ಆಗಲೇ ಹೇಳಿದ ಪೆನ್ಸಿಲ್ ಬಾಕಿಗಳನ್ನು ಯಾರು, ಯಾವ ದಿನ, ಯಾರ ಒಪ್ಪಿಗೆಯ ಮೇಲೆ ಕಂಪ್ಯೂಟರಿಗೆ ಏರಿಸುತ್ತಾರೆ? ಅದನ್ನು ಬರೆಯದೆ ಬಿಟ್ಟರೆ ಮೊದಲ ಬಟವಾಡೆಯ ದಿನವೇ ಸಂಘದ ಮುಂದೆ ಜನ ಸೇರುತ್ತಾರೆ.

ಎಕ್ಸೆಲ್, ಜಿರಾ, ಡೋರ್ಸ್

ಅಗತ್ಯಗಳನ್ನು ಎಲ್ಲಿ ಇಡುವುದು ಎಂಬುದು ಸಲಕರಣೆಯ ಪ್ರಶ್ನೆಯಂತೆ ಕಂಡರೂ ಒಳಗಿರುವುದು ಜಾಡು ಹಿಡಿಯುವ ಪ್ರಶ್ನೆ. ಟ್ರೇಸಬಿಲಿಟಿಗೆ ಎರಡು ದಿಕ್ಕು. ಹಿಂದಕ್ಕೆ: ಈ ಅಗತ್ಯ ಯಾಕೆ ಬಂತು? ಮುಂದಕ್ಕೆ: ಇದನ್ನು ಎಲ್ಲಿ ಮಾಡಿದ್ದೇವೆ, ಪರೀಕ್ಷಿಸಿದ್ದೇವೆಯೇ?

ಹಿಂದಿನ ಜಾಡು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1996ರ ಜೂನ್ 4ರಂದು ಹಾರಿದ ಏರಿಯಾನ್ 5 ರಾಕೆಟ್ ಸಾಕ್ಷಿ. ಸುಮಾರು 40 ಸೆಕೆಂಡಿನಲ್ಲಿ ಅದು ಆಕಾಶದಲ್ಲೇ ಛಿದ್ರವಾಯಿತು. ಅಂಕಿಯೊಂದು ತನಗಿದ್ದ 16 ಬಿಟ್ ಜಾಗದಲ್ಲಿ ಹಿಡಿಯದೆ ಉಕ್ಕಿತ್ತು. ಅದು ನಡೆದದ್ದು ಹಾರಿದ ಮೇಲೆ ಏರಿಯಾನ್ 5ಕ್ಕೆ ಬೇಕೇ ಇಲ್ಲದಿದ್ದ ಒಂದು ಲೆಕ್ಕದಲ್ಲಿ. ಏರಿಯಾನ್ 4ಕ್ಕೆ ಆ ಲೆಕ್ಕ ಹಾರಿದ ಮೇಲೂ ಕೆಲಹೊತ್ತು ನಡೆಯಲು ಕಾರಣವಿತ್ತು. ಕಾರಣ ಹಿಂದೆ ಉಳಿದು ಕೋಡ್ ಮಾತ್ರ ಮುಂದೆ ಬಂತು. ಮುಂದಿನ ಜಾಡು ತಪ್ಪಿದ್ದಕ್ಕೆ 1999ರ ಸೆಪ್ಟೆಂಬರಿನಲ್ಲಿ ನಾಸಾ ಕಳೆದುಕೊಂಡ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ಮಂಗಳ ನೌಕೆ ಸಾಕ್ಷಿ. ಅಂಕಿಗಳು ನ್ಯೂಟನ್ ಸೆಕೆಂಡಿನಲ್ಲಿರಬೇಕು ಎಂದು ಬರಹದಲ್ಲಿ ಇತ್ತು. ಬಂದದ್ದು ಪೌಂಡ್ ಲೆಕ್ಕದಲ್ಲಿ. ಬರೆದ ವಾಕ್ಯಕ್ಕೂ ಬಂದ ಫೈಲಿಗೂ ಗಂಟು ಹಾಕಿ ಯಾರೂ ನೋಡಿರಲಿಲ್ಲ.

ರಾಕೆಟ್ಟು, ವೈದ್ಯಕೀಯ ಉಪಕರಣ, ಕಾರಿನ ಬ್ರೇಕು ಇಂಥ ಕಡೆ ಐಬಿಎಂನ ಡೋರ್ಸ್ ತರಹದ, ಅಗತ್ಯಗಳನ್ನು ಕೊಂಡಿ ಹಾಕಿ ಇಡುವ ಭಾರೀ ಸಲಕರಣೆಗೆ ದುಡ್ಡು ಹಾಕುವುದು ನ್ಯಾಯ. ಪ್ರತಿ ವಾಕ್ಯದ ಎರಡೂ ಕಡೆಯ ಕೊಂಡಿಯನ್ನು ಆಡಿಟ್‌ಗೆ ತೋರಿಸಬೇಕಾಗುತ್ತದೆ. ತಂಡದ ಕೆಲಸಗಳನ್ನು ಟಿಕೆಟ್‌ಗಳಾಗಿ ಇಡುವ ಜಿರಾ ತಂತ್ರಾಂಶ ಕೆಲಸವನ್ನು ಚೆನ್ನಾಗಿ ಹಿಂಬಾಲಿಸುತ್ತದೆ, ಅಗತ್ಯವನ್ನು ಅಷ್ಟು ಚೆನ್ನಾಗಿ ಅಲ್ಲ: ಟಿಕೆಟ್ ಮುಚ್ಚಿದ ಮೇಲೆ ಒಳಗಿದ್ದ ನಿಯಮವೂ ಮುಚ್ಚಿಹೋಗುತ್ತದೆ, ವರ್ಷದ ಮೇಲೆ "ಈಗ ವ್ಯವಸ್ಥೆಯ ನಿಯಮ ಏನು?" ಎಂದರೆ ಮುನ್ನೂರು ಟಿಕೆಟ್ ಓದಬೇಕು. ಅದಕ್ಕೆ ಚಾಲ್ತಿಯಲ್ಲಿರುವ ನಿಯಮಗಳನ್ನು ಕಾನ್‌ಫ್ಲುಯೆನ್ಸ್‌ನಂಥ ಕಡೆ ಬೇರೆ ಪುಟದಲ್ಲಿ ಇಡಿ.

ಡೇರಿಗೆ ಎಕ್ಸೆಲ್ ಹಾಳೆ ಸಾಕು, ನಾಚಿಕೊಳ್ಳಬೇಕಿಲ್ಲ. ಅಗತ್ಯದ ನಂಬರು, ವಾಕ್ಯ, ಆದ್ಯತೆ, ಪರೀಕ್ಷೆಯಾಯಿತೇ ಎಂಬ ಕಾಲಂಗಳ ಪಕ್ಕ ಇನ್ನೆರಡು ಸೇರಿಸಿ: ಹೇಳಿದವರು ಯಾರು, ಯಾಕೆ. 5 ವರ್ಷಕ್ಕೊಮ್ಮೆ ಚುನಾವಣೆಯಾಗಿ ಆಡಳಿತ ಮಂಡಳಿ ಬದಲಾಗುತ್ತದೆ. ಹೊಸ ಅಧ್ಯಕ್ಷರು ಬಂದು, "ವಾಪಸ್ಸಾದ ಹಾಲಿಗೆಲ್ಲ ಯಾಕಪ್ಪಾ ಲೆಕ್ಕ, ತೆಗೆದುಹಾಕು" ಅನ್ನುತ್ತಾರೆ. ಆಗ ಹಾಳೆ ತೆರೆದು ಆ ಸಾಲು ತೋರಿಸಿ: ಹೇಳಿದವರು ಪರೀಕ್ಷಕರು, ಯಾಕೆಂದರೆ ಬೆಳಿಗ್ಗೆ ವಾಪಸ್ಸಾದ ಹಾಲು ಸಂಜೆ ಬೇರೆಯವರ ನಂಬರಿನಲ್ಲಿ ಬರುತ್ತಿತ್ತು.